ಗುವಾಹಟಿಗೆ ಅತ್ತೆಯೂ ಬಂದರು

ಬ್ಯಾಂಕಿನಿಂದ ಬಡ್ತಿಯ ಆದೇಶ ಬಂದ ಸಂಜೆ ನಮ್ಮ ಮನೆಯಲ್ಲಿ ಯಾರೂ ಸಿಹಿ ತರಲು ಓಡಲಿಲ್ಲ. ಎಲ್ಲರೂ ಮೊಬೈಲ್ ತೆಗೆದರು. ನನ್ನ ಹೊಸ ಶಾಖೆ ಇದ್ದದ್ದು ಗುವಾಹಟಿಯಲ್ಲಿ.

ನನ್ನ ಆವರೆಗಿನ ಬದುಕಿನ ಭೂಗೋಳ ಬಹಳ ಚಿಕ್ಕದು. ಹುಟ್ಟಿದ್ದು ಕೆಂಗೇರಿಯಲ್ಲಿ. ಓದಿದ್ದು ಜ್ಞಾನಭಾರತಿಯಲ್ಲಿ. ಮದುವೆಯಾಗಿ ಬಂದದ್ದು ವಿಜಯನಗರಕ್ಕೆ. ಕೆಲಸ ಮಾಡಿದ್ದು ಒಮ್ಮೆ ರಾಜಾಜಿನಗರ, ಒಮ್ಮೆ ಬಸವೇಶ್ವರನಗರ, ಮತ್ತೆ ರಾಜಾಜಿನಗರ. ಮಧ್ಯಾಹ್ನ ಊಟದ ಡಬ್ಬಿ ಮರೆತರೆ ಮನೆಯವರು ಸ್ಕೂಟರಿನಲ್ಲಿ ತಂದುಕೊಡುವಷ್ಟು ಹತ್ತಿರ. ಐವತ್ತು ದಾಟಿದ ಮೇಲೆ, ಇನ್ನು ಬಡ್ತಿ ಬರುವುದಿಲ್ಲ ಎಂದುಕೊಂಡು ಯಾವುದೋ ಧೈರ್ಯದಲ್ಲಿ ಪರೀಕ್ಷೆ ಬರೆದಿದ್ದೆ. ಪಾಸಾಗಿಬಿಟ್ಟೆ.

"ನೇರವಾಗಿ ಹಾರಿದ್ರೆ ಎರಡು ಸಾವಿರ ಕಿಲೋಮೀಟರ್ ಚಿಲ್ಲರೆ," ಎಂದರು ನಮ್ಮ ಮನೆಯವರು, ಕನ್ನಡಕ ಮೇಲೇರಿಸುತ್ತ. ಅವರದು ಮಾರೇನಹಳ್ಳಿಯಲ್ಲಿ ನಲ್ಲಿ, ಪೈಪು ಮಾರುವ ಅಂಗಡಿ. ಯಾವುದನ್ನಾದರೂ ಅಳತೆ ಮಾಡದೆ ಅವರಿಗೆ ಸಮಾಧಾನವಿಲ್ಲ. "ರಸ್ತೇಲಾದ್ರೆ ಮೂರು ಸಾವಿರ ಹತ್ತತ್ರ. ರೈಲಲ್ಲಿ ಎರಡೂವರೆ ದಿನ."

"ಫ್ಲೈಟಲ್ಲಿ ಮೂರೇ ಗಂಟೆ ಅಪ್ಪಾ," ಎಂದಳು ಕಾಲೇಜಿನಲ್ಲಿ ಓದುತ್ತಿದ್ದ ಮಗಳು.

ಅಡುಗೆಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ನಮ್ಮ ಅತ್ತೆ ತಲೆ ಎತ್ತಿದರು. "ನಡ್ಕೊಂಡೋದ್ರೆ ಎಷ್ಟಾಯ್ತದೆ, ಅದನ್ನೂ ನೋಡು."

ಮಗಳು ನಗುತ್ತಲೇ ನೋಡಿದಳು. ಫೋನು ಅದಕ್ಕೂ ಉತ್ತರ ಕೊಟ್ಟಿತು. ನಿಲ್ಲದೆ ನಡೆದರೆ ಒಂದು ತಿಂಗಳ ಹತ್ತಿರ.

"ಹಂಗಾದ್ರೆ ಭಾರೀ ದೂರ ಏನಲ್ಲ ಬಿಡು," ಎಂದು ಅತ್ತೆ ಮತ್ತೆ ಸೊಪ್ಪಿಗೆ ಕೈಹಾಕಿದರು.

ಅವರು ಮಾರೇನಹಳ್ಳಿಯ ಹಳೇ ಒಕ್ಕಲುಮನೆಯ ಸೊಸೆ. ಹೊಲವೆಲ್ಲ ಬಡಾವಣೆ ಆಗುವ ಮುಂಚೆ, ಬೆಳಗಾಗುವ ಹೊತ್ತಿಗೆ ತಲೆಯ ಮೇಲೆ ಸೊಪ್ಪಿನ ಮಂಕರಿ ಹೊತ್ತು ಬಿನ್ನಿಪೇಟೆಯ ಮಿಲ್ ಗೇಟಿನವರೆಗೆ ನಡೆದುಹೋಗಿ ಮಾರಿ ಬಂದವರು. ದೂರ ಎಂಬುದು ಕಾಲಿಗೆ ಸಂಬಂಧಪಟ್ಟ ವಿಷಯ, ಅದಕ್ಕೆ ಹೆದರುವುದು ಸೋಮಾರಿಗಳ ಕೆಲಸ ಎಂದು ನಂಬಿದ್ದರು. ಹೋಗಲೋ ಬೇಡವೋ ಎಂದು ನಾನು ವಾರವಿಡೀ ಒದ್ದಾಡುತ್ತಿದ್ದಾಗ ಮನೆಯಲ್ಲಿ ಖಡಾಖಂಡಿತವಾಗಿ ಮಾತಾಡಿದ್ದು ಅವರೊಬ್ಬರೇ. "ಗಂಡ್ಸಿಗೆ ಬಂದಿದ್ರೆ ಇಷ್ಟೊತ್ಗೆ ಪೆಟ್ಟಿಗೆ ಕಟ್ಟಿರ್ತಿದ್ದ. ನೀನೂ ಕಟ್ಟು ಮಗ."

ಕಟ್ಟಿದೆ.

ಮೂರು ಗಂಟೆ ಎಂಬ ಮಾತು ಸುಳ್ಳೆಂದು ಮೊದಲ ಪ್ರಯಾಣದಲ್ಲೇ ಗೊತ್ತಾಯಿತು. ಗುವಾಹಟಿ ದೂರವಿಲ್ಲ, ದೂರ ಇರುವುದು ನಮ್ಮ ವಿಮಾನ ನಿಲ್ದಾಣ. ಊರಿನ ಈ ತುದಿಯಲ್ಲಿ ನಾವು, ಆ ತುದಿಯಿಂದಾಚೆ ಅದು. ರಾಜಾಜಿನಗರ ದಾಟಿ, ಗೊರಗುಂಟೆಪಾಳ್ಯದಲ್ಲಿ ಲಾರಿಗಳ ನಡುವೆ ನಿಂತು, ಹೆಬ್ಬಾಳದಲ್ಲಿ ಇನ್ನೊಮ್ಮೆ ನಿಂತು, ಕೊನೆಗೆ ಒಳಗೆ ಹೋಗಿ ಸಾಲಿನಲ್ಲಿ ನಿಂತು ಮುಗಿಸುವಷ್ಟರಲ್ಲಿ ನಾನು ಗುವಾಹಟಿ ಮುಟ್ಟಿ ಕಾಫಿ ಕುಡಿಯಬಹುದಿತ್ತು. ನಮ್ಮ ಮನೆಯವರಂತೂ ನನ್ನನ್ನು ಬಿಟ್ಟು ವಾಪಸು ವಿಜಯನಗರ ಸೇರುವ ಮೊದಲೇ ನಾನು ಅಲ್ಲಿಳಿದು ಫೋನ್ ಮಾಡಿದೆ. "ನಾನಿನ್ನೂ ಯಶವಂತಪುರದಲ್ಲಿದೀನಿ ಕಣೇ," ಎಂದರು ನಂಬಲಾರದ ದನಿಯಲ್ಲಿ. ದಾರಿಯಲ್ಲಿ ಪೈಪಿನ ಗೋಡೌನಿಗೆ ಹೋಗಿದ್ದನ್ನು ಹೇಳಲಿಲ್ಲ.

ಗುವಾಹಟಿಯಲ್ಲಿ ನನಗೆ ಸಿಕ್ಕಿದ್ದು ಒಂದು ಮನೆಯ ಮಹಡಿ. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಿಗೆ ತೆರೆಯುವ ಕಿಟಕಿ. ಕೆಳಗೆ ಮನೆಯ ಮಾಲೀಕರ ಸಂಸಾರ. ಕೆಲಸ ಹೊಸದು, ಜನ ಒಳ್ಳೆಯವರು. ಆದರೆ ಒಬ್ಬಳೇ ಇದ್ದು ನನಗೆ ಅಭ್ಯಾಸವೇ ಇರಲಿಲ್ಲ. ತವರಿನಲ್ಲಿ ಒಂಬತ್ತು ಜನ, ಗಂಡನ ಮನೆಯಲ್ಲಿ ಯಾವಾಗಲೂ ಯಾರಾದರೂ. ಇಲ್ಲಿ ಬೀಗ ತೆಗೆದರೆ ಬೆಳಿಗ್ಗೆ ನಾನಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಒಬ್ಬಳಿಗಾಗಿ ಒಲೆ ಹಚ್ಚಲು ಬೇಸರವಾಗಿ ಬ್ರೆಡ್ ತಿಂದು ಮಲಗುತ್ತಿದ್ದೆ. ಫೋನಿನಲ್ಲಿ ಮಾತ್ರ "ಅನ್ನ ಸಾರು ಮಾಡ್ಕೊಂಡೆ" ಎನ್ನುತ್ತಿದ್ದೆ.

ಎರಡು ತಿಂಗಳ ಮೇಲೆ ರಜೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನನ್ನ ಮುಂಗೈ ಹಿಡಿದು ನೋಡಿದರು. ಬಳೆ ಮೊಣಕೈವರೆಗೆ ಜಾರಿತು.

"ಯಾವ ಸಾರು ಮಾಡ್ಕೋತಿದ್ದೆ ಅಲ್ಲಿ?"

ನಾನು ಏನೋ ತೊದಲಿದೆ. ಅವರು ಮತ್ತೆ ಕೇಳಲಿಲ್ಲ. ಮಾರನೆಯ ದಿನ ಮುದ್ದೆ ಬಡಿಸುತ್ತ, ನೆಂಟರ ಮನೆಗೆ ಹೋಗಿಬರುವ ಸುದ್ದಿ ಹೇಳುವ ಹಾಗೆ ಹೇಳಿದರು: "ನಾನೂ ಬತ್ತೀನಿ ಇವಳ ಜೊತೆ."

ನಮ್ಮ ಮನೆಯವರ ಕೈಯ ತುತ್ತು ಅಲ್ಲೇ ನಿಂತಿತು. "ಎಲ್ಲಿಗೆ ಬತ್ತೀಯವ್ವ? ಅದು ಗುವಾಹಟಿ ಕಣವ್ವ, ಕುಣಿಗಲ್ ಅಲ್ಲ."

"ಗೊತ್ತು ಕಣೋ. ಒಂದು ತಿಂಗಳ ದಾರಿ."

"ನಿಂಗೆ ಎಪ್ಪತ್ತೈದು ಆಯ್ತು. ಅಲ್ಲಿ ಭಾಷೆ ಬರಲ್ಲ, ಬೆಟ್ಟ ಗುಡ್ಡ, ಚಳಿ. ಇವಳು ಬ್ಯಾಂಕಿಗೆ ಹೋದ್ರೆ ನೀನೊಬ್ಳೇ ಏನ್ಮಾಡ್ತೀಯ?"

"ಇಲ್ಲಿ ಏನ್ ಮಾಡ್ತಿದೀನೋ ಅದೇ. ಒಂದು ತಿಂಗ್ಳಿದ್ದು ಬತ್ತೀನಿ ಬಿಡು."

ನಮ್ಮ ಕಡೆ ಅತ್ತೆ ಸೊಸೆ ಒಂದೇ ಮನೆಯಲ್ಲಿ ಮುಖ ಮುರಿಯದೆ ಇದ್ದರೇ ದೊಡ್ಡದು. ಮಗನನ್ನು ಬಿಟ್ಟು ಸೊಸೆಯ ಜೊತೆ ಹೊರಟ ಅತ್ತೆಯ ಸುದ್ದಿ ಬೀದಿಯಲ್ಲೆಲ್ಲ ಹರಡಿತು. ಎದುರುಮನೆಯ ಆಂಟಿ ಬಂದು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, "ಏನಾದ್ರೂ ಜಗಳ ಆಯ್ತಾ, ತಾಯಿ ಮಗಂಗೆ?" ಎಂದು ಪಿಸುಗುಟ್ಟಿದರು.

ನವೆಂಬರಿನ ಒಂದು ಬೆಳಿಗ್ಗೆ ಹೊರಟೆವು. ಅತ್ತೆ ಮೊಳಕಾಲ್ಮೂರು ಸೀರೆ ಉಟ್ಟು, ಅದರ ಮೇಲೆ ಮಗನ ಸ್ವೆಟರ್ ಹಾಕಿದ್ದರು. ದೊಡ್ಡ ಪೆಟ್ಟಿಗೆಯಲ್ಲಿ ರಾಗಿ ಹಿಟ್ಟು, ಹುಳಿಪುಡಿ, ಹುರುಳಿಕಾಳು, ಮುದ್ದೆ ಕೋಲು. ಕೈಯಲ್ಲಿ ಎಲೆಅಡಿಕೆ ಸಂಚಿ.

ಆ ಸಂಚಿಯೇ ಭದ್ರತಾ ತಪಾಸಣೆಯಲ್ಲಿ ಸಿಕ್ಕಿಬಿತ್ತು. ಯಂತ್ರದೊಳಗಿಂದ ಬಂದ ತಟ್ಟೆಯನ್ನು ಪಕ್ಕಕ್ಕೆಳೆದ ಸಮವಸ್ತ್ರದ ಹುಡುಗಿ ಸಂಚಿಯಿಂದ ಅಡಕತ್ತರಿ ಹೊರತೆಗೆದು ಮೇಲಕ್ಕೆತ್ತಿ ಹಿಡಿದಳು. ಹಿಂದಿಯಲ್ಲಿ "ಇದೇನು?" ಎಂದಳು. ಅತ್ತೆ ಅಚ್ಚಗನ್ನಡದಲ್ಲಿ, ಅದನ್ನು ಇಸಿದುಕೊಂಡು, ಅಡಿಕೆ ಹೇಗೆ ಕತ್ತರಿಸಬೇಕು ಎಂದು ತೋರಿಸಲು ಹೊರಟರು. ಅವರು ಬ್ಲೇಡು ಮುಚ್ಚಿ ತೆಗೆದು ಮಾಡುವುದನ್ನು ಕಂಡು ಇನ್ನಿಬ್ಬರು ಹತ್ತಿರ ಬಂದರು. ಪೆಟ್ಟಿಗೆ ಆಗಲೇ ಒಳಗೆ ಹೋಗಿತ್ತು. ಅದರಲ್ಲಿ ಹಾಕುವಂತಿಲ್ಲ, ಕೈಯಲ್ಲಿ ಒಯ್ಯುವಂತಿಲ್ಲ.

ನಾನು ಹಿಂದಿಯಲ್ಲಿ ಕ್ಷಮೆ ಕೇಳತೊಡಗಿದೆ. ಅತ್ತೆ ಮಾತ್ರ ಅದನ್ನು ಆ ಹುಡುಗಿಯ ಅಂಗೈಯಲ್ಲಿಟ್ಟು ಮಡಿಸಿ, "ಹೋಗ್ಲಿ ಬಿಡವ್ವ, ನೀನೇ ಮಡೀಕೋ. ಮೊಂಡಾಗಿತ್ತು. ಸಾಣೆ ಹಿಡಿಸ್ಕೋ," ಎಂದು ಮುಂದೆ ನಡೆದರು. ಹುಡುಗಿಗೆ ಏನರ್ಥವಾಯಿತೋ, ಹಿಂದಿನಿಂದ "ಥ್ಯಾಂಕ್ಯೂ ಅಮ್ಮಾ" ಎಂದಳು.

ವಿಮಾನದಲ್ಲಿ ಕಿಟಕಿಯ ಸೀಟು ಅವರದು. ಮೇಲೇರುವಾಗ ನನ್ನ ತೋಳನ್ನು ಹಿಡಿದದ್ದು ನಿಜ. ಆದರೆ ಕಣ್ಣು ಮುಚ್ಚಲಿಲ್ಲ. ಮೋಡದ ಮೇಲೆ ಬಂದ ನಂತರ ಕೆಳಗೆ ನೋಡುತ್ತ, "ಅರಳೆ ಹಿಂಜಿ ಒಣಗಾಕಿರೋ ಹಂಗದೆ," ಎಂದರು. ಆಮೇಲೆ ಚಿತ್ರಾನ್ನ ತಿಂದು ಒಂದು ನಿದ್ದೆ ತೆಗೆದರು. ಇಳಿಯುವ ಹೊತ್ತಿಗೆ ಕೆಳಗೆ ಬ್ರಹ್ಮಪುತ್ರ ಕಾಣಿಸಿತು. ಮರಳ ದಿಣ್ಣೆಗಳ ನಡುವೆ ಹತ್ತಾರು ಕವಲಾಗಿ ಹೊಳೆಯುತ್ತಿತ್ತು.

"ಸಮುದ್ರ ಬಂತು!"

"ಸಮುದ್ರ ಅಲ್ಲ ಅತ್ತೆ, ನದಿ."

"ಹೊಳೆಯಾ ಇದು?" ಅವರು ಗಾಜಿಗೆ ಹಣೆ ತಾಗಿಸಿ ನೋಡಿದರು. "ಹಂಗಾದ್ರೆ ನಮ್ಮ ವೃಷಭಾವತೀಗೆ ಏನನ್ನಾಣ?"

ಚಕ್ರ ನೆಲಕ್ಕೆ ತಾಗಿದಾಗ ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಬಂದೇಬಿಟ್ವಾ? ಇಷ್ಟೇನಾ? ಮನೆಯಿಂದ ಇಮಾನದ ತಾವಕ್ಕೆ ಬಂದಷ್ಟೇ ಹೊತ್ತಾಯ್ತಲ್ಲ. ಇದಕ್ಕಾ ನಿನ್ ಗಂಡ ಅಷ್ಟು ಹಾರಾಡಿದ್ದು?"

ಆದರೆ ಬಂದ ದಾರಿ ಎಷ್ಟು ದೊಡ್ಡದು ಎಂಬುದು ಅವರಿಗೆ ಸಂಜೆ ಗೊತ್ತಾಯಿತು. ನಾಲ್ಕೂವರೆಗೆ ಹೊತ್ತು ಮುಳುಗಿತು. ಐದಕ್ಕೆಲ್ಲ ಕತ್ತಲು. ಅತ್ತೆ ಗೋಡೆಯ ಗಡಿಯಾರ ನೋಡಿದರು, ನನ್ನ ಮೊಬೈಲ್ ನೋಡಿದರು, ಎರಡೂ ಕೆಟ್ಟಿವೆ ಎಂದರು. ಊರಿಗೆ ಫೋನ್ ಹಚ್ಚಿಸಿದರು.

"ದೀಪ ಹಚ್ಚಿದ್ರೇನೋ?"

"ಇನ್ನೂ ಬಿಸಿಲು ಹೊಡೀತಿದೆ ಕಣವ್ವ. ಅಂಗಡಿ ಮುಂದೆ ಪರದೆ ಇಳಿಸಿದೀನಿ."

ಅತ್ತೆ ಫೋನನ್ನು ಕಿವಿಯಿಂದ ತೆಗೆದು ನನ್ನ ಮುಖ ನೋಡಿದರು. ಮೂಡಣ ದಿಕ್ಕಿಗೆ ಇಷ್ಟು ದೂರ ಬಂದರೆ ಸೂರ್ಯ ಬೇಗ ಹುಟ್ಟಿ ಬೇಗ ಮುಳುಗುತ್ತಾನೆ, ಆದರೆ ದೇಶಕ್ಕೆಲ್ಲ ಗಡಿಯಾರ ಒಂದೇ ಎಂದು ವಿವರಿಸಿದೆ. "ಅದೇನ್ ನ್ಯಾಯ?" ಎಂದರು. ಮಾರನೆಯ ದಿನದಿಂದ ಅವರು ಗಡಿಯಾರವನ್ನು ಬಿಟ್ಟು ಸೂರ್ಯನ ಜೊತೆ ಹೊಂದಿಕೊಂಡರು. ಸಂಜೆ ನಾನು ಬ್ಯಾಂಕಿನಿಂದ ಬರುವ ಹೊತ್ತಿಗೆ ಬಿಸಿ ಮುದ್ದೆ, ಹುರುಳಿಕಾಳು ಬಸ್ಸಾರು ಸಿದ್ಧವಿರುತ್ತಿತ್ತು. ಗೇಟಿನ ಹತ್ತಿರವೇ ಒಗ್ಗರಣೆಯ ವಾಸನೆ ಸಿಕ್ಕಿದ ಮೊದಲ ದಿನ ನಾನು ಮೆಟ್ಟಿಲನ್ನು ಓಡಿಕೊಂಡು ಹತ್ತಿದೆ. ಐವತ್ತು ದಾಟಿದ ಮ್ಯಾನೇಜರು ಹಾಗೆ ಓಡಬಾರದು.

ಒಂದೇ ಕೊರತೆ ಅಡಕತ್ತರಿ. ನಾಲ್ಕನೆಯ ದಿನವೋ ಐದನೆಯ ದಿನವೋ ಅತ್ತೆ ಕಿಟಕಿಯಿಂದ ಹಿತ್ತಲು ನೋಡುತ್ತಿದ್ದಾಗ, ಕೆಳಗಿನ ಮನೆಯ ಅಜ್ಜಿ, ಮಾಲೀಕರ ತಾಯಿ, ಅಡಿಕೆ ಕತ್ತರಿಸುತ್ತ ಕೂತಿದ್ದು ಕಾಣಿಸಿತಂತೆ. ಅಸ್ಸಾಮಿನಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದೇ ಎಲೆಅಡಿಕೆ. ಅತ್ತೆ ಇಳಿದುಹೋಗಿದ್ದಾರೆ. ಆ ಅಜ್ಜಿ ಕಾಲಿರುವ ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣ ಇಟ್ಟು ಕೊಟ್ಟಿದ್ದಾರೆ. ಅಡಿಕೆ ಅಲ್ವಾ ಎಂದು ಅತ್ತೆ ನಮ್ಮೂರ ಲೆಕ್ಕದಲ್ಲಿ ದೊಡ್ಡ ಹೋಳನ್ನೇ ಬಾಯಿಗೆ ಹಾಕಿದ್ದಾರೆ.

ಅದು ಬೇಯಿಸಿ ಒಣಗಿಸಿದ ನಮ್ಮ ಅಡಿಕೆಯಲ್ಲ. ಸಿಪ್ಪೆಯ ಸಮೇತ ಹೂತಿಟ್ಟು ಹಣ್ಣಾಗಿಸಿದ ಹಸಿ ಅಡಿಕೆ. ಕಿವಿಯಲ್ಲಿ ಬೆಂಕಿ ಹೊತ್ತಿಸುವಂಥದ್ದು.

ನಾನು ಸಂಜೆ ಬಂದಾಗ ಒಗ್ಗರಣೆಯ ವಾಸನೆ ಇರಲಿಲ್ಲ. ಕೆಳಗಿನ ಮನೆಯ ವರಾಂಡದ ಮಂಚದಲ್ಲಿ ಅತ್ತೆ ಮಲಗಿದ್ದರು, ಆ ಚಳಿಯಲ್ಲೂ ಹಣೆಯ ತುಂಬ ಬೆವರು. ಪಕ್ಕದಲ್ಲಿ ಕೂತ ಅಜ್ಜಿ ಬೀಸಣಿಗೆ ಬೀಸುತ್ತಿದ್ದರು. "ಅತ್ತೆ!" ಎಂದು ಕೂಗಿದೆ.

ಅತ್ತೆ ಒಂದು ಕಣ್ಣು ತೆರೆದರು. "ಏನಿಲ್ಲ ಮಗ. ಅಡಿಕೆ ಒಸಿ ಖಡಕ್ಕು."

ಆ ಮನೆಯ ಸೊಸೆ ಹಿಂದಿಯಲ್ಲಿ ನನಗೆ ಎಲ್ಲ ಹೇಳಿದಳು. ಹೊಸಬರಿಗೆಲ್ಲ ಹೀಗೇ ಆಗುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ ಎಂದಳು. ಇಳಿಯಿತು. ಅತ್ತೆ ಎದ್ದು ಕೂತು ಅಜ್ಜಿಯನ್ನು ನೋಡಿ ನಕ್ಕರು. ಅಜ್ಜಿ ಆವರೆಗೆ ತಡೆದುಕೊಂಡಿದ್ದ ನಗುವನ್ನು ಬಿಟ್ಟುಬಿಟ್ಟರು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅವರಿಬ್ಬರ ನಡುವೆ ಒಂದು ಮಾತೂ ಸಮಾನವಾದದ್ದು ಇರಲಿಲ್ಲ.

ಅಲ್ಲಿಂದ ಅವರ ಸ್ನೇಹ ಶುರುವಾಯಿತು. ಹಗಲೆಲ್ಲ ಇಬ್ಬರೂ ಹಿತ್ತಲಲ್ಲಿ. ಇವರು ಕನ್ನಡದಲ್ಲಿ ಹೇಳುವರು, ಅವರು ಅಸ್ಸಾಮಿಯಲ್ಲಿ ಹೇಳುವರು, ಬದನೆ ಗಿಡಕ್ಕೆ ಬೂದಿ ಬೀಳುತ್ತಿತ್ತು, ಹುಳ ಸಾಯುತ್ತಿತ್ತು. ಒಂದು ವಾರದ ಮೇಲೆ ಅತ್ತೆ ಊಟದ ಹೊತ್ತಲ್ಲಿ ಕೇಳಿದರು: "ಆ ಯಮ್ಮ ನನ್ನ ಕಂಡಾಗೆಲ್ಲ 'ಬೈದೇವು, ಬೈದೇವು' ಅಂತದೆ ಕಣೇ. ಯಾರ್ನ ಬೈದ್ರಂತೆ? ಯಾಕ್ ಬೈದ್ರಂತೆ?"

ನನಗೂ ತಿಳಿಯಲಿಲ್ಲ. ಮಾರನೆಯ ದಿನ ಆ ಮನೆಯ ಸೊಸೆಯನ್ನು ಕೇಳಿದೆ. ಅವಳು ನಕ್ಕು, ಅಸ್ಸಾಮಿಯಲ್ಲಿ ಹಾಗೆಂದರೆ ಅಕ್ಕ ಎಂದಳು. ಆಮೇಲೆ ಅವಳೂ ಒಂದು ಪ್ರಶ್ನೆ ಕೇಳಿದಳು. ನಿಮ್ಮ ಅತ್ತೆ ನಮ್ಮ ಅತ್ತೆಯನ್ನು 'ಅಕ್ಕಾ, ಅಕ್ಕಾ' ಎನ್ನುತ್ತಾರಲ್ಲ, ಅದೇನು?

ಇಬ್ಬರಿಗೂ ಅರ್ಥ ಹೇಳಿದ ದಿನ ಹಿತ್ತಲಲ್ಲಿ ಸಣ್ಣ ಜಗಳವೇ ಆಯಿತು. ನಾನು ಚಿಕ್ಕವಳು, ನೀನು ಅಕ್ಕ ಎಂದು ಇವರು. ಇಲ್ಲ, ನಾನೇ ಚಿಕ್ಕವಳು ಎಂದು ಅವರು. ಹುಟ್ಟಿದ ವರ್ಷ ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೊನೆಗೆ ಹಲ್ಲು ಯಾರಿಗೆ ಹೆಚ್ಚು ಉಳಿದಿವೆ ಎಂದು ನೋಡಿದರು. ಅದರಲ್ಲೂ ಸಮ.

ಒಂದು ತಿಂಗಳು ಮುಗಿಯಿತು. ಅತ್ತೆ ಊರಿನ ಮಾತೆತ್ತಲಿಲ್ಲ. ಅತ್ತ ವಿಜಯನಗರದಲ್ಲಿ ಅಪ್ಪ ಮಗಳು ಅಡುಗೆ ಕಲಿಯುತ್ತಿದ್ದರು. ಸಂಜೆಯಾದರೆ ಫೋನು. "ಅವ್ವ, ಸಾರು ನೀರಾಗೋಯ್ತು, ಏನ್ ಹಾಕ್ಲಿ?" "ಬೇಳೆ ಹಾಕಿದ್ಯೇನೋ?" "ಹಾಕ್ಬೇಕಿತ್ತಾ?"

ಸಂಕ್ರಾಂತಿಗೆ, ಪರೀಕ್ಷೆಯಿದ್ದ ಮಗಳನ್ನು ಊರಲ್ಲೇ ಬಿಟ್ಟು ನಮ್ಮ ಮನೆಯವರು ಬಂದರು, ಬರುವಾಗಲೇ ತಮಗೂ ಅಮ್ಮನಿಗೂ ವಾಪಸು ಟಿಕೆಟ್ ಮಾಡಿಸಿಕೊಂಡು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹೊರಟರು. ಮೂರು ಗಂಟೆಯ ಹಾರಾಟ, ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತೇನೆ ಎಂದಿದ್ದರು. ಆದರೆ ಗುವಾಹಟಿಯ ಮೇಲೆ ಮಂಜು ಕವಿದಿತ್ತು. ಅವರ ವಿಮಾನ ಮೋಡದಲ್ಲಿ ಎರಡು ಸುತ್ತು ಹಾಕಿ, ಇಳಿಯಲಾಗದೆ, ಕೋಲ್ಕತ್ತದ ಕಡೆ ತಿರುಗಿಕೊಂಡು ಹೋಯಿತು.

"ನಿಮ್ಮ ಮನೆ ಮೇಲೇ ಹಾರಾಡ್ದೆ ಕಣೇ," ಎಂದರು ಕೋಲ್ಕತ್ತದಿಂದ ಫೋನಿನಲ್ಲಿ. "ಇಳ್ಸೋ ಅಂದ್ರೆ ಇಳಿಸ್ಲಿಲ್ಲ. ಇನ್ನು ಹಾರೋದು ನಾಳೆಯಂತೆ."

ಅವರು ಬಂದು ತಲಪುವಾಗ ಹಬ್ಬದ ಮಧ್ಯಾಹ್ನ ಕಳೆದಿತ್ತು. ಅಸ್ಸಾಮಿನಲ್ಲೂ ಅದೇ ದಿನ ಸುಗ್ಗಿಯ ಹಬ್ಬ, ಬಿಹು. ಬೆಳಗಿನ ಜಾವ ಹಬ್ಬಕ್ಕೆಂದೇ ಕಟ್ಟಿದ ಹುಲ್ಲಿನ ಗುಡಿಸಲಿಗೆ ಬೆಂಕಿ ಹಚ್ಚುವುದನ್ನು ನೋಡಿ, ಕೈಕಾಲು ಕಾಯಿಸಿಕೊಂಡು ಬಂದಿದ್ದ ಅತ್ತೆ, ಕೆಳಗಿನ ಅಡುಗೆಮನೆಯಲ್ಲಿ ಅಕ್ಕಿ ಹಿಟ್ಟಿನ ತೆಳು ಹಾಳೆಯೊಳಗೆ ಕರಿ ಎಳ್ಳು ಬೆಲ್ಲ ತುಂಬಿ ಸುರುಳಿ ಸುತ್ತುವುದನ್ನು ಕಲಿಯುತ್ತಿದ್ದರು. ಮಗನನ್ನು ಕಂಡು ಹಿಟ್ಟಿನ ಕೈಯಲ್ಲೇ ಕೆನ್ನೆ ಹಿಡಿದರು. ಮಗ ಚೀಲ ತೆರೆದು, ನಮ್ಮ ಎಳ್ಳುಬೆಲ್ಲದ ಡಬ್ಬಿ ತೆಗೆದುಕೊಟ್ಟರು. ಜೊತೆಗಿದ್ದ ಸಕ್ಕರೆ ಅಚ್ಚುಗಳೆಲ್ಲ ಮುರಿದು ಆನೆಗೆ ಸೊಂಡಿಲಿಲ್ಲ, ನವಿಲಿಗೆ ಕತ್ತಿಲ್ಲ.

ಅತ್ತೆ ಡಬ್ಬಿಯನ್ನು ಅಜ್ಜಿಯ ಮುಂದಿಟ್ಟರು. "ಎಳ್ಳು," ಎಂದರು. ಅಜ್ಜಿ ಒಂದು ಕಾಳನ್ನು ಬೆರಳಿಗೆ ಅಂಟಿಸಿಕೊಂಡು, "ತಿಲ್," ಎಂದರು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕು ಎಂಬ ನಮ್ಮ ಹಬ್ಬದ ಮಾತನ್ನು ಅತ್ತೆ ಅವರಿಗೆ ಕನ್ನಡದಲ್ಲೇ ಹೇಳಿದರು. ಅವರು ಗಂಭೀರವಾಗಿ ತಲೆಯಾಡಿಸಿದರು.

ಮೂರನೆಯ ದಿನ ವಾಪಸು ಹೊರಡಬೇಕು. ಹಿಂದಿನ ಸಂಜೆ ನಮ್ಮ ಮನೆಯವರು ಅಮ್ಮನ ಸೀರೆ ಮಡಿಸಿ ಪೆಟ್ಟಿಗೆಗೆ ಹಾಕತೊಡಗಿದರು. ಅತ್ತೆ ಅವನ್ನು ಒಂದೊಂದಾಗಿ ತೆಗೆದು ಮಂಚದ ಮೇಲಿಟ್ಟರು.

"ನಾನ್ ಬರಲ್ಲ ಕಣೋ."

"ಯಾಕವ್ವ? ನನ್ ಮೇಲೆ ಬೇಜಾರಾ?"

"ಬೇಜಾರೆಂಥದ್ದೋ. ಅಲ್ಲಿ ಬೆಳಿಗ್ಗೆ ಎದ್ರೆ ಎಲ್ರೂ ಕೂತ್ಕೊಳವ್ವ, ಕೂತ್ಕೊಳವ್ವ ಅಂತೀರಿ. ಪೊರಕೆ ಮುಟ್ಟಿದ್ರೆ ಕಿತ್ಕೋತೀರಿ. ಸೊಪ್ಪು ಬಿಡ್ಸಾಕೆ ಕೊಟ್ರೆ ಅದೇ ದೊಡ್ಡದು. ಕೂತು ಕೂತು ಟಿವಿ ನೋಡಿ ನಂಗೆ ಸಾಕಾಗೋಯ್ತು. ಇಲ್ಲಿ ಇವಳು ಬಾಗ್ಲು ಬಡಿಯೋವತ್ಗೆ ನಾನು ಮುದ್ದೆ ತಿರುವ್ಬೇಕು. ತಿರುವ್ದೆ ಇದ್ರೆ ಉಪವಾಸ ಬೀಳ್ತಾಳೆ. ನಂಗೂ ಒಂದು ಕೆಲ್ಸ ಬೇಕು ಕಣೋ."

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅತ್ತೆ ಸುಖವಾಗಿರಲಿ ಎಂದು ಪೊರಕೆ ಕಿತ್ತುಕೊಂಡವರಲ್ಲಿ ಮೊದಲನೆಯವಳು ನಾನೇ. ನಮ್ಮ ಮನೆಯವರು ಕೈಯಲ್ಲಿದ್ದ ಸೀರೆಯನ್ನು ತೊಡೆಯ ಮೇಲೆ ಇನ್ನೊಮ್ಮೆ ಮಡಿಸಿದರು. ಆಮೇಲೆ ಎದ್ದು ಅದನ್ನು ಬೀರುವಿನಲ್ಲಿಟ್ಟರು. "ಸರಿ ಕಣವ್ವ. ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ಬಸ್ಸಾರು ಹೆಂಗ್ ಮಾಡೋದು ಅಂತ ಈಗ್ಲೇ ಎದುರ್ಗೇ ಹೇಳ್ಕೊಡು. ಫೋನಲ್ಲಿ ಬರಲ್ಲ."

ತಾಯಿ ಮಗ ಇಬ್ಬರೂ ಆ ಚಿಕ್ಕ ಅಡುಗೆಮನೆಗೆ ಹೋದರು. ಮೂವತ್ತು ವರ್ಷ ನಾನು ಕಾಣದಿದ್ದ ದೃಶ್ಯ ಅದು: ನನ್ನ ಗಂಡ ಬಾಗಿ ನಿಂತು ಸೊಪ್ಪು ಬಸಿಯುವುದು, ಪಕ್ಕದಲ್ಲಿ ಅವರಮ್ಮ ಸೌಟು ಹಿಡಿದು ಬೈಯುವುದು.

ನನ್ನ ಗುವಾಹಟಿಯ ಅವಧಿ ಮುಗಿಯುವವರೆಗೂ ಅತ್ತೆ ನನ್ನ ಜೊತೆಗಿದ್ದರು. ನಡುವೆ ಹಬ್ಬಕ್ಕೆ, ಮದುವೆಗೆಂದು ಊರಿಗೆ ಬಂದು ಹೋಗುತ್ತಿದ್ದರು. ಕೊನೆಕೊನೆಗೆ ವಿಮಾನ ನಿಲ್ದಾಣದಲ್ಲಿ ಯಾವ ಸಾಲು ಬೇಗ ಸಾಗುತ್ತದೆ ಎಂದು ನನಗೇ ಹೇಳುವಷ್ಟಾದರು. ಗುವಾಹಟಿ ಬಿಟ್ಟು ಹೊರಟ ದಿನ ಕೆಳಗಿನ ಮನೆಯ ಅಜ್ಜಿ ಕೆಂಪು ಅಂಚಿನ ಬಿಳಿ ವಸ್ತ್ರವನ್ನು ಅತ್ತೆಯ ಕೊರಳಿಗೆ ಹಾಕಿದರು. ಅತ್ತೆ ಅವರ ಹಣೆಗೆ ಕುಂಕುಮ ಇಡಲು ಹೋಗಿ, ಗಂಡ ಇಲ್ಲದವರೆಂದು ನೆನಪಾಗಿ ಅರೆಗಳಿಗೆ ತಡೆದು, ತಾವೂ ಅದೇ ಅಲ್ಲವೇ ಎಂದು ಇಟ್ಟೇಬಿಟ್ಟರು.

ಈಗ ನಾನು ಜ್ಞಾನಭಾರತಿಯ ಹತ್ತಿರದ ಶಾಖೆಯಲ್ಲಿದ್ದೇನೆ. ಮೆಟ್ರೋದಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ಅಡುಗೆ ಅತ್ತೆಯದೇ. ಪೊರಕೆಯ ವಿಷಯದಲ್ಲಿ ಮಾತ್ರ ಇನ್ನೂ ಚೌಕಾಸಿ ನಡೆದಿದೆ. ಮಗಳು ಅವರಿಗೆ ವಿಡಿಯೋ ಕರೆ ಮಾಡುವುದನ್ನು ಕಲಿಸಿಕೊಟ್ಟಿದ್ದಾಳೆ.

ಮೊನ್ನೆ ಭಾನುವಾರ ತರಕಾರಿ ತಂದು ಒಳಗೆ ಬಂದೆ. ಅತ್ತೆ ಅವರೆಕಾಳು ಹಿಸುಕುತ್ತ ಕೂತಿದ್ದರು. ಎದುರಿಗೆ ರಾಗಿ ಡಬ್ಬಕ್ಕೆ ಒರಗಿಸಿಟ್ಟ ಫೋನು. ಪರದೆಯ ಮೇಲೆ ಗುವಾಹಟಿಯ ಅಜ್ಜಿ, ಬೆತ್ತದ ಕುರ್ಚಿಯಲ್ಲಿ, ತಲೆ ಒಂದು ಪಕ್ಕಕ್ಕೆ ವಾಲಿಸಿಕೊಂಡು ಗಾಢ ನಿದ್ದೆಯಲ್ಲಿದ್ದರು. ಗೊರಕೆ ಸಣ್ಣಗೆ ಕೇಳಿಸುತ್ತಿತ್ತು.

"ಮಲಗಿಬಿಟ್ಟಿದಾರಲ್ಲ ಅತ್ತೆ, ಕಟ್ ಮಾಡ್ಲಾ?" ಎಂದೆ.

ಅತ್ತೆ ಅವರೆ ರಸದ ಬೆರಳನ್ನು ತುಟಿಯ ಮೇಲಿಟ್ಟರು. "ಶ್! ಮೆಲ್ಲಗೆ ಮಾತಾಡು. ಎದ್ದಾಗ ನಾನಿಲ್ಲ ಅಂದ್ರೆ ಹುಡುಕ್ತಾಳೆ."

ನಾನು ಚೀಲವನ್ನು ಸದ್ದಾಗದಂತೆ ಕೆಳಗಿಟ್ಟು, ಅವರ ಪಕ್ಕ ಕೂತು ಒಂದು ಹಿಡಿ ಕಾಳು ತೆಗೆದುಕೊಂಡೆ.